ಜೀವದ ಅರಿವು ಮತ್ತು ಕಾವಲಿನ ಋಣ

ಜೀವವನ್ನು ಬಲ್ಲವನಿಗೆ ಆ ಜೀವದ ಮೇಲೆ ಹಕ್ಕು ಹುಟ್ಟುತ್ತದೆಯೇ, ಹೊಣೆ ಹುಟ್ಟುತ್ತದೆಯೇ? ಹಳೆಯದಾದ ಈ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿ ಮೊದಲು ಎದುರಿಸಬೇಕಾದ ಊರು ಬೆಂಗಳೂರು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲದಲ್ಲಿ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು. ಅದರ ಜಿಕೆವಿಕೆ ಆವರಣದಲ್ಲಿ ಮುಂದೆ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ ನೆಲೆಯೂರಿತು, 2009ರಲ್ಲಿ ಹೊಸ ಉದ್ಯಮಗಳನ್ನು ಪೋಷಿಸುವ ಸಿ-ಕ್ಯಾಂಪ್ ಹುಟ್ಟಿತು. 1978ರಲ್ಲೇ ಬಯೋಕಾನ್ ಶುರುವಾಗಿತ್ತು. 2001ರಲ್ಲಿ ರಾಜ್ಯ ಸರ್ಕಾರ ಜೈವಿಕ ತಂತ್ರಜ್ಞಾನಕ್ಕೆಂದೇ ನೀತಿಯೊಂದನ್ನು ಪ್ರಕಟಿಸಿತು. ಹೀಗೆ ವಿದ್ಯೆ, ಬಂಡವಾಳ ಮತ್ತು ಸರ್ಕಾರ ಒಂದೇ ಊರಿನಲ್ಲಿ ಸೇರಿದ್ದರಿಂದ ಬೆಂಗಳೂರು ಜೀವವಿಜ್ಞಾನದ ಕೇಂದ್ರವಾಯಿತು. ಇದು ಹೆಮ್ಮೆಪಡಬೇಕಾದ ಸಾಧನೆಯೇ ಸರಿ. ಆದರೆ ಜೀವವಿಜ್ಞಾನಕ್ಕೆ ಬೇಕಾದ ಮೂಲಧನ ಈ ಮೂರರಲ್ಲಿ ಯಾವುದೂ ಅಲ್ಲ. ಅದು ಜೀವ. ಆ ಜೀವ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಲ್ಲ. ಬೇರೆಲ್ಲೋ ಯಾರೋ ಕಾಪಾಡಿಕೊಂಡು ಬಂದದ್ದು. ಹಾಗಾಗಿ ವಿದ್ಯೆಯ ಊರು ಆ ಜೀವಕ್ಕೂ ಅದನ್ನು ಕಾಪಾಡಿದ ನೆಲಕ್ಕೂ ಋಣಿ. ಈ ಋಣವನ್ನು ಹಣದಿಂದಾಗಲಿ ಮೆಚ್ಚುಗೆಯ ಮಾತಿನಿಂದಾಗಲಿ ತೀರಿಸಲಾಗದು; ಆ ಜೀವ ತನ್ನ ನೆಲದಲ್ಲಿ ಬಾಳುವಂತೆ ನೋಡಿಕೊಳ್ಳುವುದೊಂದೇ ಅದಕ್ಕೆ ದಾರಿ. ಇದು ನನ್ನ ವಾದ.

ಈ ಮಾತನ್ನು ಒರೆಗೆ ಹಚ್ಚಲು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲು ಕವಲೊಡೆಯುವ ಬೀರೂರಿಗಿಂತ ಒಳ್ಳೆಯ ಜಾಗವಿಲ್ಲ. ಬೀರೂರು, ಅಜ್ಜಂಪುರ, ಬಾಸೂರು, ಲಿಂಗದಹಳ್ಳಿ, ಇವೆಲ್ಲ ಅಮೃತಮಹಲ್ ತಳಿಯ ನೆಲೆಗಳು. ಬೂದು ಮೈ, ಹಿಂದಕ್ಕೆ ಬಾಗಿ ಮೇಲೇರುವ ಚೂಪು ಕೊಂಬು, ಅಪರಿಚಿತರನ್ನು ಹತ್ತಿರ ಬಿಟ್ಟುಕೊಳ್ಳದ ಸ್ವಭಾವ, ದಣಿವರಿಯದ ನಡಿಗೆ ಈ ದನಗಳ ಗುರುತು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ಇಲಾಖೆಯನ್ನು ಕಟ್ಟಿ ಅರಮನೆಯ ಹಿಂಡುಗಳಿಗೆ ಕಾವಲುಗಳನ್ನು, ಎಂದರೆ ಮೀಸಲು ಹುಲ್ಲುಗಾವಲುಗಳನ್ನು, ಗೊತ್ತುಮಾಡಿದರು. ಟಿಪ್ಪು ಸುಲ್ತಾನ ಅದಕ್ಕೆ ಅಮೃತಮಹಲ್ ಎಂಬ ಹೆಸರಿಟ್ಟ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳ ರಕ್ತ ಸೇರಿ ಈ ತಳಿ ರೂಪುಗೊಂಡಿತು. ಕಾವಲುಗಳಲ್ಲೂ ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದ್ದು ಎಂಬ ವಿಂಗಡಣೆಯಿತ್ತು. ಹುಲ್ಲು, ನೀರು, ನೆರಳು ಎಲ್ಲಿ ಯಾವಾಗ ಸಿಗುತ್ತದೆಂಬುದನ್ನು ನೋಡಿ ಹಿಂಡನ್ನು ಹೊಡೆದುಕೊಂಡು ಹೋಗುತ್ತಿದ್ದರು. ಒಂದು ಕಾಲಕ್ಕೆ ಈ ಕಾವಲುಗಳ ವಿಸ್ತಾರ ನಾಲ್ಕು ಲಕ್ಷ ಎಕರೆಗೂ ಮೀರಿತ್ತು. ಇಂದು ಉಳಿದಿರುವುದು ಅದರ ಒಂದು ಸಣ್ಣ ಪಾಲು ಮಾತ್ರ.

ವಿಜ್ಞಾನದ ಕಣ್ಣಿನಿಂದ ನೋಡಿದರೆ ಈ ತಳಿ ಒಂದು ಭಂಡಾರ. ಬರಗಾಲವನ್ನು ತಾಳುವ, ಒರಟು ಹುಲ್ಲಿನಲ್ಲೇ ಬದುಕುವ, ಬಿಸಿಲಲ್ಲಿ ಕುಸಿಯದ ಗುಣಗಳು ಅದರ ವಂಶವಾಹಿಗಳಲ್ಲಿವೆ. ಭೂಮಿಯ ಬಿಸಿ ಏರುತ್ತಿರುವಾಗ ಇಂಥ ಗುಣಗಳ ಬೆಲೆ ಇನ್ನೂ ಹೆಚ್ಚುತ್ತದೆ. ಆದರೆ ಆ ಗುಣಗಳು ಅಲ್ಲಿಗೆ ಬಂದದ್ದು ಹೇಗೆ? ಯಾವ ಹೋರಿಯನ್ನು ಹಿಂಡಿನಲ್ಲಿ ಉಳಿಸಬೇಕು, ಯಾವುದನ್ನು ಬೀಜ ಒಡೆದು ಎತ್ತು ಮಾಡಬೇಕೆಂದು ತಲೆತಲಾಂತರದಿಂದ ತೀರ್ಮಾನಿಸಿದವರು ದನಗಾಹಿಗಳು. ಅವರ ತೀರ್ಮಾನವನ್ನು ಮತ್ತೆ ಪರೀಕ್ಷೆಗೊಡ್ಡಿದ್ದು ಬಯಲುಸೀಮೆಯ ಬಿಸಿಲು, ಬರ ಮತ್ತು ಚಿರತೆ. ಇಂದಿಗೂ ಬೀರೂರಿನಲ್ಲಿ ಅಮೃತಮಹಲ್ ಹೋರಿಗರುಗಳ ಹರಾಜು ನಡೆದಾಗ ಹಲವು ಜಿಲ್ಲೆಗಳ ರೈತರು ಬಂದು ಸೇರುತ್ತಾರೆ; ಕಾಲು, ಗೊರಸು, ಬೆನ್ನು, ಸುಳಿ ನೋಡಿ ಬೆಲೆ ಕೂಗುತ್ತಾರೆ. ಪ್ರಯೋಗಶಾಲೆ ಇವತ್ತು ವಂಶವಾಹಿಯನ್ನು ಓದುತ್ತದೆಯೆಂದರೆ ಇಂಥ ಸಾವಿರಾರು ಕಣ್ಣುಗಳು ಆರಿಸಿಟ್ಟದ್ದನ್ನು ಓದುತ್ತದೆ. ಜೀವವಿಜ್ಞಾನಿ ತಾನು ತಿಳಿಯುವ ವಸ್ತುವಿನ ಬಳಿಗೆ ಎರಡನೆಯವನಾಗಿ ಬರುತ್ತಾನೆ. ಅವನ ಅರಿವು ನಿಜವಾದದ್ದು, ಶ್ರಮದಿಂದ ಗಳಿಸಿದ್ದು. ಆದರೂ ಅದು ಇನ್ನೊಬ್ಬರು ಉಳಿಸಿದ್ದರ ಮೇಲೆ ನಿಂತ ಅರಿವು.

ನಮ್ಮ ಧರ್ಮಚಿಂತನೆಗಳು ಈ ಸ್ಥಿತಿಯನ್ನು ಚೆನ್ನಾಗಿ ಬಲ್ಲವು. ವೈದಿಕ ಪರಂಪರೆ ದೇವಋಣ, ಪಿತೃಋಣದ ಜೊತೆಗೆ ಋಷಿಋಣವನ್ನು ಹೇಳುತ್ತದೆ: ಕಲಿತವನು ಕಲಿಸಿದವರಿಗೆ ಋಣಿ. ಗೃಹಸ್ಥನ ಐದು ಮಹಾಯಜ್ಞಗಳಲ್ಲಿ ಒಂದಾದ ಭೂತಯಜ್ಞ ಇತರ ಜೀವಿಗಳಿಗೆ ಸಲ್ಲಬೇಕಾದ ಪಾಲು. ಜೈನ ದರ್ಶನ ಜೀವಗಳನ್ನು ಒಂದಕ್ಕೊಂದು ನೆರವಾಗುವ ಬಂಧುಗಳೆಂದು ಕಾಣುತ್ತದೆ. ಶರಣರ ದಾಸೋಹ ಗಳಿಸಿದ್ದನ್ನು ತನ್ನದೆಂದು ಭಾವಿಸದೆ ಸಮಾಜಕ್ಕೆ ಸಲ್ಲಿಸುವ ಬಗೆ. ಈ ಮೂರೂ ಪರಂಪರೆಗಳು ದೇವರ ವಿಷಯದಲ್ಲಿ, ಆತ್ಮದ ವಿಷಯದಲ್ಲಿ ಒಮ್ಮತಕ್ಕೆ ಬಂದವಲ್ಲ. ಆದರೂ ಒಂದು ಸಂಗತಿಯಲ್ಲಿ ಕೂಡುತ್ತವೆ: ಕೇಳಲು ಬಾರದವರಿಗೂ ನಾವು ಸಲ್ಲಿಸಬೇಕಾದದ್ದಿದೆ. ನ್ಯಾಯಾಲಯಕ್ಕೆ ಗೊತ್ತಿರುವುದು ಬಾಗಿಲಿಗೆ ಬಂದು ಕೇಳಬಲ್ಲ, ಸಾಲ ಕೊಟ್ಟವನು. ಸತ್ತ ಗುರು, ಇನ್ನೂ ಹುಟ್ಟದ ಮಗು, ಮಾತಿಲ್ಲದ ಹಸು ಬಾಗಿಲಿಗೆ ಬರುವುದಿಲ್ಲ. ಕೇಳುವವರಿಲ್ಲವೆಂಬ ಕಾರಣಕ್ಕೆ ಆ ಬಾಕಿ ಕರಗುವುದಿಲ್ಲ. ಅದನ್ನು ನೆನಪಿಟ್ಟುಕೊಳ್ಳುವ ಹೊಣೆ ಪೂರ್ತಿಯಾಗಿ ಋಣಿಯ ಮೇಲೆಯೇ ಬೀಳುವುದರಿಂದ ಇನ್ನಷ್ಟು ಭಾರವಾಗುತ್ತದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಕಾವಲುಗಳು ತಪೋವನಗಳಾಗಿರಲಿಲ್ಲ, ಅವು ಯುದ್ಧದ ಸಾಧನಗಳು. ಹೈದರಾಲಿಯ ಸೈನ್ಯ ಈ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ಕ್ರಮಿಸಿತೆಂದು ಗೆಜೆಟಿಯರುಗಳು ದಾಖಲಿಸಿವೆ. ಫಿರಂಗಿ ಎಳೆಯಲು ಬೆಳೆಸಿದ ದನಕ್ಕೆ ಧರ್ಮದ ಮಾತು ಏಕೆ? ಈ ಆಕ್ಷೇಪದಲ್ಲಿರುವ ಚರಿತ್ರೆ ಸರಿ, ಆದರೆ ಅದರಿಂದ ತೆಗೆಯುವ ತೀರ್ಮಾನ ಸರಿಯಲ್ಲ. ಋಣ ಹುಟ್ಟುವುದು ಕೊಟ್ಟವರ ಉದ್ದೇಶ ಪವಿತ್ರವಾಗಿತ್ತು ಎಂಬುದರಿಂದಲ್ಲ, ಪಡೆದವರು ನಿಜಕ್ಕೂ ಪಡೆದರು ಎಂಬುದರಿಂದ. ಸೈನ್ಯಕ್ಕೆಂದು ಮೀಸಲಿಟ್ಟ ಹುಲ್ಲುಗಾವಲೇ ಕೃಷ್ಣಮೃಗಕ್ಕೂ ತೋಳಕ್ಕೂ ಆಸರೆಯಾಯಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ್ದು ಈ ಕಾರಣಕ್ಕೇ. ರಾಜರ ಯುದ್ಧಗಳು ಮುಗಿದು ಎರಡು ಶತಮಾನಗಳಾದವು. ಅವರು ಮೀಸಲಿಟ್ಟ ಹುಲ್ಲು ಇನ್ನೂ ಜೀವಗಳನ್ನು ಸಾಕುತ್ತಿದೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಅರಿವು ಯಾವ ನೆಲಕ್ಕೂ ಕಟ್ಟುಬಿದ್ದದ್ದಲ್ಲ, ಜೀವದ ಗುಟ್ಟು ಮನುಕುಲಕ್ಕೆಲ್ಲ ಸೇರಿದ್ದು ಎನ್ನುವವರು ತಮ್ಮ ಪರವಾಗಿ ಬೀರೂರು ಇರುವ ಜಿಲ್ಲೆಯ ಸಂತನೊಬ್ಬನನ್ನೇ ಕರೆಯಬಹುದು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮನ್ನಿನಿಂದ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಬಿತ್ತಿದರೆಂಬುದು ಜನರ ನಂಬಿಕೆ. ಅರಬ್ಬರು ಹೊರಗೆ ಬಿಡದೆ ಕಾದಿಟ್ಟ ಬೀಜವದು. ಹಾಗಿದ್ದರೂ ಜನ ಅವರನ್ನು ಕಳ್ಳನೆನ್ನಲಿಲ್ಲ, ಬೆಟ್ಟಕ್ಕೇ ಅವರ ಹೆಸರಿಟ್ಟರು. ಏಕೆಂದರೆ ಅವರು ತಂದದ್ದನ್ನು ಬಚ್ಚಿಡಲಿಲ್ಲ, ಬಿತ್ತಿದರು. ಬೀಜ ಎಲ್ಲರ ಕೈಗೂ ಹರಿಯಿತು. ಇದಕ್ಕೆ ಹೊಂದುವ ಇನ್ನೊಂದು ನಿದರ್ಶನ ಕೆನಡಾದ ವಿದ್ಯಾನಗರಿ ಟೊರಾಂಟೊದ್ದು. 1923ರಲ್ಲಿ, ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ತಂಡದವರು ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಮುಂದಿನ ಹಲವು ದಶಕ ಮನುಷ್ಯರನ್ನು ಬದುಕಿಸಿದ ಆ ಔಷಧ ಬಂದದ್ದು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ. ಆದ್ದರಿಂದ ನನ್ನ ವಾದ ಅರಿವು ಹರಿಯುವುದರ ವಿರುದ್ಧವಲ್ಲ. ಹರಿಯಲೇಬೇಕು. ಎಲ್ಲರಿಗೂ ಸೇರಿದ್ದೆಂದು ಹೇಳಿ ಪಡೆದುಕೊಂಡು, ಪಡೆದ ಮೇಲೆ ತನ್ನೊಬ್ಬನದೆಂದು ಬೇಲಿ ಹಾಕುವುದು ಮಾತ್ರ ಅನ್ಯಾಯ. ಅರಿವು ಮನುಕುಲದ್ದಾದರೆ ಋಣವೂ ಅದರ ಜೊತೆಗೇ ಬರಬೇಕು.

ವಿಜ್ಞಾನ ಆ ಋಣವನ್ನು ಆಗಲೇ ತೀರಿಸಿದೆಯಲ್ಲ ಎಂಬುದು ಮೂರನೆಯ ಮಾತು. ಇದನ್ನು ಗೌರವದಿಂದ ಕೇಳಬೇಕು. ದನಗಳಿಗೆ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದರೆ ಊರಿನ ದೊಡ್ಡಿಗಳು ಬರಿದಾಗುತ್ತಿದ್ದ ಕಾಲವಿತ್ತು. ಮಾರಿಗೆ ಹರಕೆ ಹೊರುವುದಲ್ಲದೆ ಬೇರೆ ದಾರಿಯಿರಲಿಲ್ಲ. ಹೆಬ್ಬಾಳದಲ್ಲಿ ಸೀರಂ ಮತ್ತು ಲಸಿಕೆ ತಯಾರಾದವು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆ ವೈರಾಣುವಿನ ಅಧ್ಯಯನ ನಡೆಯಿತು, ಪಶುವೈದ್ಯ ಸಿಬ್ಬಂದಿ ಊರೂರು ಅಲೆದು ಚುಚ್ಚುಮದ್ದು ಹಾಕಿದರು. 2011ರಲ್ಲಿ ಇಡೀ ಜಗತ್ತು ದೊಡ್ಡರೋಗದಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ಭೂಮಿಯಿಂದಲೇ ತೊಲಗಿಸಿದ ಎರಡನೆಯ ರೋಗ ಇದು. ಪ್ರಯೋಗಶಾಲೆಯ ಅರಿವು ಹಸುವಿಗೇ ಮರಳಿದ ಈ ಘಟನೆಗಿಂತ ದೊಡ್ಡ ಭೂತಯಜ್ಞ ನಮ್ಮ ಕಾಲದಲ್ಲಿ ನಡೆದಿಲ್ಲ. ಋಣ ತೀರಿಸುವುದು ಸಾಧ್ಯವೆಂದು ಇದು ತೋರಿಸುತ್ತದೆ. ಆದರೆ ಅದೇ ದಶಕಗಳಲ್ಲಿ ಹಾಲಿನ ಲೆಕ್ಕವೊಂದನ್ನೇ ನೋಡುತ್ತ ಹೋಲ್‌ಸ್ಟೀನ್, ಜೆರ್ಸಿ ಮಿಶ್ರತಳಿಗಳು ಹಳ್ಳಿ ತುಂಬಿದವು. ಟ್ರ್ಯಾಕ್ಟರ್ ಬಂದು ಎತ್ತಿನ ಕೆಲಸ ಕಿತ್ತುಕೊಂಡಿತು. ಕಾವಲು ಕರಗುತ್ತ ಹೋಯಿತು. ಮಿಶ್ರತಳಿಯ ಹಾಲು ಬಡ ಮನೆಗಳ ಒಲೆ ಉರಿಸಿದೆ, ಅದನ್ನು ಹಳಿಯಲಾಗದು. ಹಸುವನ್ನು ರೋಗದಿಂದ ಬದುಕಿಸಿದವರು ಅದರ ನೆಲೆ ಹೋಗುವಾಗ ಸುಮ್ಮನಿರಬಾರದಿತ್ತು ಎಂಬುದಷ್ಟೇ ನನ್ನ ಮಾತು.

ನೆಲೆ ಏಕೆ, ವೀರ್ಯವನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿಟ್ಟರೆ ತಳಿ ಉಳಿಯಿತಲ್ಲ ಎನ್ನುವವರಿದ್ದಾರೆ. ಆ ಕೆಲಸವೂ ಆಗಬೇಕು. ಆದರೆ ಅಲ್ಲಿ ಉಳಿಯುವುದು ಆ ದಿನದವರೆಗಿನ ಚರಿತ್ರೆ. ಬರ, ಹೊಸ ರೋಗ, ಹೊಸ ಬಿಸಿಲಿಗೆ ಮೈಯೊಡ್ಡಿ ತಳಿ ತನ್ನನ್ನು ತಾನು ತಿದ್ದಿಕೊಳ್ಳುವುದು ಕಾವಲಿನಲ್ಲಿ ಮಾತ್ರ. ಹುಲ್ಲು ನೋಡಿ ಹಿಂಡು ಹೊಡೆಯುವವನ ತಿಳಿವಳಿಕೆಯನ್ನು ಯಾವ ವೀರ್ಯದ ಕಡ್ಡಿಯಲ್ಲೂ ಹೆಪ್ಪುಗಟ್ಟಿಸಿ ಇಡಲಾಗದು. ಚರಿತ್ರೆಯಲ್ಲೂ ಇದಕ್ಕೆ ಪಾಠವಿದೆ. 1860ರಲ್ಲಿ ಖರ್ಚು ಉಳಿಸಲೆಂದು ಬ್ರಿಟಿಷರು ಅಮೃತಮಹಲ್ ಇಲಾಖೆಯನ್ನು ಮುಚ್ಚಿ ಹಿಂಡುಗಳನ್ನು ಮಾರಿದರು. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಾದಾಗ ನಷ್ಟ ತಿಳಿಯಿತು. 1866ರಲ್ಲಿ ಮತ್ತೆ ಕಟ್ಟಿದರು. ಆಗ ಚದುರಿದ ದನ ಇನ್ನೂ ಊರುಗಳಲ್ಲಿತ್ತು, ಸಾಕಬಲ್ಲವರಿದ್ದರು, ಕಾವಲಿತ್ತು. ಈ ಮೂರೂ ಹೋದ ಮೇಲೆ ಮುಚ್ಚಿದ್ದನ್ನು ತೆರೆಯುವ ಅವಕಾಶ ಯಾರಿಗೂ ಸಿಗುವುದಿಲ್ಲ.

ಕೊನೆಯದಾಗಿ, ಇದಕ್ಕೆಲ್ಲ ಕಾನೂನಿದೆ, ಧರ್ಮದ ಭಾಷೆ ಏಕೆ ಎಂಬ ಪ್ರಶ್ನೆ. 2002ರ ಜೀವವೈವಿಧ್ಯ ಕಾಯ್ದೆ ಜೈವಿಕ ಸಂಪತ್ತಿನ ಲಾಭದಲ್ಲಿ ಸ್ಥಳೀಯರಿಗೆ ಪಾಲು ಹೇಳುತ್ತದೆ, ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಸಮಿತಿ ಇರಬೇಕೆನ್ನುತ್ತದೆ. ಜನತಾ ಜೀವವೈವಿಧ್ಯ ದಾಖಲೆಯ ಪರಿಕಲ್ಪನೆಯನ್ನು ಬೆಳೆಸಿದವರಲ್ಲಿ ಮುಖ್ಯರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ವಿಜ್ಞಾನಿ ಮಾಧವ ಗಾಡ್ಗೀಳ್ ಎಂಬುದು ಸಂತೋಷದ ಸಂಗತಿ. ಆದರೆ ಕಾನೂನು ಕೇಳುವವರಿಗಾಗಿ ಇರುವುದು. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಜೀವಕೋಶಗಳನ್ನು ಆಕೆಯನ್ನು ಕೇಳದೆ ತೆಗೆದರು. ಜಗತ್ತಿನ ಪ್ರಯೋಗಶಾಲೆಗಳೆಲ್ಲ ಅವುಗಳಿಂದ ಕಲಿತವು. ಆಕೆಯ ವಾರಸುದಾರರು ಒಂದು ಕಂಪನಿಯೊಡನೆ ಒಪ್ಪಂದಕ್ಕೆ ಬರುವಷ್ಟರಲ್ಲಿ 2023 ಆಗಿತ್ತು. ಮಾತು ಬಲ್ಲ ಮನುಷ್ಯರಿಗೇ ಎಪ್ಪತ್ತು ವರ್ಷ ಮೀರಿದರೆ, ಮಾತಿಲ್ಲದ ಹಸುವಿನ ಪರವಾಗಿ ಯಾರು ದಾವೆ ಹೂಡಬೇಕು? ಬೀರೂರಿಗೆ ನೆರೆಯ ಜಿಲ್ಲೆಯ ಚಳ್ಳಕೆರೆಯಲ್ಲಿ ಎಂಟು ಸಾವಿರ ಎಕರೆಗೂ ಹೆಚ್ಚು ಅಮೃತಮಹಲ್ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ಉನ್ನತ ವಿದ್ಯೆಯ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಅದರಲ್ಲಿ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ. ಕುರಿ, ದನ ಮೇಯಿಸುತ್ತಿದ್ದ ಊರಿನವರು ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಾಯಿತು. ಆ ಸಂಸ್ಥೆಗಳ ಕೆಲಸ ದೇಶಕ್ಕೆ ಬೇಕಾದದ್ದೇ. ಆದರೆ ಹುಲ್ಲುಗಾವಲನ್ನು ಖಾಲಿ ಜಾಗವೆಂದು ಕಾಣುವ ದೃಷ್ಟಿಯನ್ನು ಕಾನೂನು ತಿದ್ದಲಾರದು. ಅದನ್ನು ತಿದ್ದಲು ಬೇಕಾದದ್ದು ಋಣದ ಪ್ರಜ್ಞೆ. ಅದಕ್ಕೆ ದೇವರನ್ನು ನಂಬಬೇಕೆಂಬ ನಿಯಮವೇನಿಲ್ಲ. ಪಡೆದದ್ದನ್ನು ಪಡೆದೆನೆಂದು ಒಪ್ಪುವ ಪ್ರಾಮಾಣಿಕತೆ ಸಾಕು.

ಒಬ್ಬ ವಿಜ್ಞಾನಿ ನಿವೃತ್ತನಾಗುತ್ತಾನೆ, ಒಂದು ಕಂಪನಿ ಕೈ ಬದಲಾಗುತ್ತದೆ. ವಿಶ್ವವಿದ್ಯಾಲಯ ಮಾತ್ರ ಮಠದಂತೆ ತಲೆಮಾರುಗಳನ್ನು ದಾಟಿ ನಿಲ್ಲುತ್ತದೆ. ಆದ್ದರಿಂದ ತಲೆಮಾರುಗಳ ಋಣವನ್ನು ಹೊರಬಲ್ಲದ್ದೂ ಅದೇ. ಬೆಂಗಳೂರಿನ ಸಂಸ್ಥೆಗಳು, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಪಕ್ಕದ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಕೂಡಿ ಬೀರೂರು, ಅಜ್ಜಂಪುರ, ಬಾಸೂರಿನ ಕಾವಲುಗಳನ್ನು ತಮ್ಮ ಹೊಣೆಯೆಂದು ಭಾವಿಸಲಿ. ಕಾವಲಿನ ಹುಲ್ಲು, ನೀರು, ಹಿಂಡುಗಳ ಅಧ್ಯಯನ ಅಲ್ಲಿಯೇ ನಿಂತು ನಡೆಯಲಿ. ದನಗಾಹಿಗಳನ್ನು ಮಾಹಿತಿ ಕೊಡುವವರೆಂದು ಬಗೆಯದೆ ಜೊತೆ ಸಂಶೋಧಕರೆಂದು ಒಪ್ಪಿಕೊಳ್ಳಲಿ. ಸಿಕ್ಕ ತಿಳಿವಳಿಕೆ ಕನ್ನಡದಲ್ಲಿ ಅವರ ಕೈಗೆ ಮರಳಲಿ. ಈ ತಳಿಯ ವಂಶವಾಹಿಯಿಂದ ನಾಳೆ ಲಾಭ ಬಂದರೆ ಅದರ ಮೊದಲ ಪಾಲು ಕಾವಲಿನ ರಕ್ಷಣೆಗೆ ಹೋಗಲಿ. ಜೀವವಿಜ್ಞಾನದ ಊರೊಂದರ ಹಿರಿಮೆಯನ್ನು ಅದು ಪಡೆದ ಪೇಟೆಂಟುಗಳಿಂದ ಅಳೆದರೆ ಅರ್ಧ ಲೆಕ್ಕವೇ ಸಿಗುತ್ತದೆ. ಅದರ ಅರಿವಿನಿಂದ ಯಾವ ಜೀವ ತನ್ನ ನೆಲದಲ್ಲಿ ಉಳಿಯಿತು ಎಂಬುದು ಉಳಿದರ್ಧ. ಅಮೃತಮಹಲ್ ಹಿಂಡು ಬೀರೂರಿನ ಸುತ್ತ ಇನ್ನೂ ಮೇಯುತ್ತಿದೆ. ಋಣ ತೀರಿಸಲು ಇನ್ನೂ ಸಮಯವಿದೆ. ಬಲ್ಲವರು ಈ ಕೆಲಸವನ್ನು ಇಂದೇ ಕೈಗೆತ್ತಿಕೊಳ್ಳಬೇಕು.