ನೀರಿಗಿಳಿದವನಿಗೆ ಚಳಿಯೇನು, ಮಳೆಯೇನು

ಏಪ್ರಿಲ್ ಬಂತೆಂದರೆ ಮಂಗಳೂರು ಕಡೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ವಿ.ಬಿ.ಎಸ್. ಎಂಬ ಮಕ್ಕಳ ರಜಾಕಾಲದ ಬೈಬಲ್ ಶಾಲೆ ಮತ್ತು ಯುವಜನ ಶಿಬಿರಗಳ ಓಡಾಟ ಶುರುವಾಗುತ್ತದೆ. ಭಾನುವಾರದ ಆರಾಧನೆಯಲ್ಲಿ ಸ್ವಯಂಸೇವಕರು ಬೇಕೆಂಬ ಪ್ರಕಟಣೆ ಬರುತ್ತದೆ. ಆಗಷ್ಟೇ ಪಿಯುಸಿ ಮುಗಿಸಿದವರು, ಮದುವೆಯಾಗಿ ಅಥವಾ ಕೆಲಸಕ್ಕೆಂದು ಹೊಸದಾಗಿ ಊರಿಗೆ ಬಂದವರು ಉತ್ಸಾಹದಿಂದ ಹೆಸರು ಕೊಡುತ್ತಾರೆ. ಶಿಬಿರ ಹತ್ತಿರವಾದಂತೆ ಅವರಿಗೆ ಹೊಟ್ಟೆಯಲ್ಲಿ ತಳಮಳ. ಮಕ್ಕಳು ನಕ್ಕರೆ? ಪ್ರಾರ್ಥನೆ ಮಾಡಿ ಅಂದಾಗ ಮಾತೇ ಹೊರಡದಿದ್ದರೆ? ಉಳಿದವರೆಲ್ಲ ಭಾನುವಾರ ಶಾಲೆಯಿಂದಲೇ ಜೊತೆಗೆ ಬೆಳೆದವರು, ನನ್ನ ಜೊತೆ ಊಟಕ್ಕೆ ಕೂರುವವರು ಯಾರು? ಇದನ್ನು ಹೇಳಿಕೊಂಡರೆ ಹಿರಿಯರು ಬೆನ್ನು ತಟ್ಟಿ, ನೀರಿಗಿಳಿದವನಿಗೆ ಚಳಿಯೇನು ಮಳೆಯೇನು ಎಂಬ ಗಾದೆ ಹೇಳಿ ಮುಂದೆ ಹೋಗುತ್ತಾರೆ.

ಗಾದೆ ಸರಿಯಾಗಿಯೇ ಇದೆ. ಅದನ್ನು ಹೇಳುವ ರೀತಿಯ ಬಗ್ಗೆ ನನಗೆ ತಕರಾರಿದೆ.

ಹೇಗೂ ಹಾಳಾಯಿತು, ಇನ್ನೇನಾದರೇನು ಎಂಬ ಹತಾಶೆಯ ಅರ್ಥವನ್ನು ಕೆಲವರು ಇದಕ್ಕೆ ಹಚ್ಚುತ್ತಾರೆ. ಅದು ಮುಳುಗಿದವನ ಮಾತು, ಇಳಿದವನದಲ್ಲ. ಎದೆಗಟ್ಟಿ ಇರುವವನು ಯಾವುದಕ್ಕೂ ಅಂಜುವುದಿಲ್ಲ ಎಂಬುದು ಇನ್ನೊಂದು ಅರ್ಥ. ಹಿರಿಯರು ಬೆನ್ನು ತಟ್ಟುವಾಗ ಮನಸ್ಸಿನಲ್ಲಿರುವುದು ಇದೇ. ಆದರೆ ಗಾದೆಯಲ್ಲಿ ಧೈರ್ಯದ ಸುದ್ದಿಯೇ ಇಲ್ಲ. ಇಳಿಯುವ ಮುನ್ನ ಅವನು ನಡುಗಿದನೋ ಇಲ್ಲವೋ ಎಂದು ಅದು ಕೇಳುವುದೂ ಇಲ್ಲ.

ಬೆಳಗಿನ ಜಾವ ಕೆರೆಯಲ್ಲಿ ಮಿಂದವರಿಗೆ ಗೊತ್ತಿರುವ ಸಂಗತಿಯಿದು. ಹೆಚ್ಚು ಚಳಿ ಹತ್ತುವುದು ಪಾದವಷ್ಟೇ ನೆನೆಸಿಕೊಂಡು ಮೆಟ್ಟಿಲ ಮೇಲೆ ನಿಂತವನಿಗೆ. ಇಳಿದವನ ಕೈಕಾಲಿಗೆ ಕೆಲಸ ಸಿಗುತ್ತದೆ. ನೀರೇನೂ ಬಿಸಿಯಾಗುವುದಿಲ್ಲ, ಅವನಿಗೆ ತನ್ನ ಮೈಯನ್ನೇ ಗಮನಿಸುತ್ತ ನಿಲ್ಲಲು ಪುರುಸೊತ್ತಿರುವುದಿಲ್ಲ, ಅಷ್ಟೆ. ನಮ್ಮ ಶಿಬಿರಗಳಲ್ಲಿ ಹೊಸಬರಿಗೆ ಕೊರಳಿಗೊಂದು ಗುರುತಿನ ಚೀಟಿ ಹಾಕಿ, ಸುಮ್ಮನೆ ಗೋಡೆಯ ಪಕ್ಕ ನಿಲ್ಲಿಸುತ್ತೇವೆ. ಅವರನ್ನು ಆ ಮೆಟ್ಟಿಲ ಮೇಲೆ ನಿಲ್ಲಿಸಿದವರು ನಾವೇ.

ಅದರ ಬದಲು ಹೊಸಬಳೊಬ್ಬಳಿಗೆ ಮೊದಲ ಬೆಳಿಗ್ಗೆಯೇ ಹೆಸರು ಬರೆದುಕೊಳ್ಳುವ ಮೇಜನ್ನು ಒಪ್ಪಿಸಿ ನೋಡಿ. ಒಬ್ಬನ ಬ್ಯಾಗು ಕಾಣೆಯಾಗಿರುತ್ತದೆ, ಒಬ್ಬಳಿಗೆ ಅಮ್ಮನ ಕೈ ಬಿಡಲು ಮನಸ್ಸಿಲ್ಲ, ಇನ್ನೊಬ್ಬ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬಂದಿರುತ್ತಾನೆ. ಮಧ್ಯಾಹ್ನದೊಳಗೆ ಅವಳು ಹತ್ತಾರು ಮಕ್ಕಳ ಬಾಯಲ್ಲಿ ಅಕ್ಕ ಆಗಿರುತ್ತಾಳೆ. ಅಭಿನಯ ಗೀತೆಯಲ್ಲಿ ಅವಳ ಕೈ ತಪ್ಪು ದಿಕ್ಕಿಗೆ ಹೋದರೂ ಯಾರೂ ನೋಡುವುದಿಲ್ಲ. ಮಕ್ಕಳಿಗೆ ತಮ್ಮ ಕೈಗಳದೇ ಚಿಂತೆ.

ವಿಮೋಚನಕಾಂಡದ ಮೋಶೆ ತಾನು ಮಾತುಗಾರನಲ್ಲವೆಂದು ಹಿಂಜರಿದವನು. ದೇವರು ಅವನಿಗೆ ಧೈರ್ಯದ ಉಪದೇಶವನ್ನಷ್ಟೇ ಕೊಟ್ಟು ಕಳುಹಿಸಲಿಲ್ಲ. ಅವನ ಕೈಯಲ್ಲಿದ್ದ ಕೋಲಿನ ಬಗ್ಗೆ ವಿಚಾರಿಸಿದನು, ಅಣ್ಣ ಆರೋನನನ್ನು ಜೊತೆಗೆ ಕೊಟ್ಟನು. ಕೈಗೊಂದು ಕೆಲಸ, ಪಕ್ಕಕ್ಕೊಬ್ಬ ಬಲ್ಲವನು: ಹೊಸಬರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ಗೊತ್ತಿಲ್ಲ.

ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಅಳುಕು ಬಿಡಿಸುತ್ತೇವೆಂದು ಮೊದಲ ಸಂಜೆಯೇ ಮೈಕು ಕೈಗಿತ್ತು ಸಾಕ್ಷಿ ಹೇಳಿಸುತ್ತೇವೆ. ಸಲೀಸಾಗಿ ಮಾತಾಡಿದವರು ಮರುವರ್ಷವೂ ಬರುತ್ತಾರೆ, ತಡವರಿಸಿದವರು ಬರುವುದಿಲ್ಲ. ವರ್ಷದಿಂದ ವರ್ಷಕ್ಕೆ ನಮ್ಮಲ್ಲಿ ಮಾತುಗಾರರೇ ಉಳಿದುಬಿಟ್ಟಿದ್ದಾರೆ. ರಾತ್ರಿ ಮನೆ ನೆನಪಾಗಿ ಚಾಪೆಯ ಮೇಲೆ ಮುದುರಿಕೊಂಡ ಹುಡುಗ ಇಂಥವರ ಹತ್ತಿರ ಹೋಗುವುದಿಲ್ಲ, ತನ್ನ ಹಾಗೆಯೇ ಸುಮ್ಮನಿರುವವರನ್ನು ಹುಡುಕುತ್ತಾನೆ. ಅಂಥವರನ್ನು ನಾವು ಕಳೆದುಕೊಂಡಿದ್ದೇವೆ, ಇದು ಸಣ್ಣ ನಷ್ಟವಲ್ಲ. ವಿ.ಬಿ.ಎಸ್. ಹುಟ್ಟಿದ್ದಾದರೂ ವೇದಿಕೆಗಾಗಿ ಅಲ್ಲ. 1898ರಲ್ಲಿ ನ್ಯೂಯಾರ್ಕಿನ ಎಲೈಜಾ ಹಾವ್ಸ್ ಎಂಬ ಹೆಣ್ಣುಮಗಳು ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳಿಗಾಗಿ ಬಿಯರ್ ಹಾಲ್ ಒಂದನ್ನು ಬಾಡಿಗೆಗೆ ಹಿಡಿದು ಬೇಸಿಗೆ ಶಾಲೆ ನಡೆಸಿದರು. ಅವರ ಕಣ್ಣು ಮಕ್ಕಳ ಮೇಲಿತ್ತು.

ಇನ್ನೊಂದು ಮಾತು ಹೇಳಲೇಬೇಕು. ಹೊಸಬರ ಎಲ್ಲ ಅಂಜಿಕೆಯೂ ತೊಲಗಬೇಕಾದದ್ದಲ್ಲ. ಹೊಳೆಗೆ ಹೋದ ಮಕ್ಕಳೆಲ್ಲ ವಾಪಸು ಬಂದರೇ, ಸಂಜೆ ಕರೆದೊಯ್ಯಲು ಬಂದವರು ನಿಜವಾಗಿ ಮನೆಯವರೇ, ಈ ಮಗುವಿಗೆ ಯಾವ ತಿಂಡಿ ಆಗದು ಎಂಬ ಅಂಜಿಕೆ ಇರಲೇಬೇಕು. ಹಳಬರಲ್ಲಿ ಅದು ಸವೆದಿರುತ್ತದೆ. ಚಳಿಯೇನು ಮಳೆಯೇನು ಎಂದು ಇದನ್ನೂ ತಳ್ಳಿಹಾಕುವವರ ಕೈಗೆ ಮಕ್ಕಳನ್ನು ಕೊಡಬಾರದು. ಎಷ್ಟು ಮಂದಿ ಹೋದರು, ಎಷ್ಟು ಮಂದಿ ಬಂದರು ಎಂದು ಎಣಿಸುವ ಪಟ್ಟಿಯನ್ನು ಹೊಸಬರ ಕೈಗೇ ಕೊಡಿ ಎಂದು ನಮ್ಮ ಸಭಾಪಾಲಕರಲ್ಲಿಯೂ ಯುವಜನ ಸಂಘದವರಲ್ಲಿಯೂ ನನ್ನ ಕೋರಿಕೆ. ಎರಡು ಸಲ ಎಣಿಸುವವರು ಅವರೇ.