ನಂಬಿ ಮಲಗಿದವನ ಒಪ್ಪಿಗೆ

ಆಂಜಿಯೋಗ್ರಾಂ ಕೋಣೆಯ ಬಾಗಿಲು ಅರ್ಧ ತೆರೆಯುತ್ತದೆ. ಒಳಗೆ ತಂದೆ ಮಲಗಿದ್ದಾರೆ, ಹೊರಗೆ ಮಗ ನಿಂತಿದ್ದಾನೆ. 'ಎರಡು ಬ್ಲಾಕ್ ಇದೆ, ಈಗಲೇ ಸ್ಟೆಂಟ್ ಹಾಕಿಬಿಡೋಣ. ಸಾದಾದ್ದು ಸಾಕೋ, ಔಷಧ ಲೇಪಿಸಿದ್ದು ಬೇಕೋ?' ಮಗನಿಗೆ ಅವೆರಡರ ಗುಣದ ವ್ಯತ್ಯಾಸ ಗೊತ್ತಿಲ್ಲ, ಬೆಲೆಯ ವ್ಯತ್ಯಾಸ ಮಾತ್ರ ಗೊತ್ತು. 'ಒಳ್ಳೆಯದನ್ನೇ ಹಾಕಿ ಡಾಕ್ಟ್ರೇ' ಎಂದು ಸಹಿ ಹಾಕುತ್ತಾನೆ. ಸಾಲದ ಚಿಂತೆ ಆಮೇಲಿನದು. ಕಳೆದ ಎರಡು ದಶಕಗಳಲ್ಲಿ ನಮ್ಮ ನಡುವಿನ ಎಷ್ಟೋ ಕುಟುಂಬಗಳು ಇಂಥ ಗಳಿಗೆಯನ್ನು ಕಂಡಿವೆ. ಆ ಸಹಿಯನ್ನು ನಾವು ಒಪ್ಪಿಗೆ ಎನ್ನುತ್ತೇವೆ. ಅದು ನಿಜಕ್ಕೂ ಒಪ್ಪಿಗೆಯೇ?

ಮೊದಲು ವಿಷಯ ತಿಳಿದುಕೊಳ್ಳೋಣ. 1977ರಲ್ಲಿ ಝೂರಿಚ್‌ನ ವೈದ್ಯ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ಇಕ್ಕಟ್ಟಾದ ರಕ್ತನಾಳದೊಳಗೆ ಪುಟ್ಟ ಬಲೂನು ಉಬ್ಬಿಸಿ ದಾರಿ ಮಾಡಿದರು. ಆದರೆ ಅನೇಕರಲ್ಲಿ ಕೆಲವೇ ತಿಂಗಳಲ್ಲಿ ನಾಳ ಮತ್ತೆ ಇಕ್ಕಟ್ಟಾಗುತ್ತಿತ್ತು. 1986ರಲ್ಲಿ ಲೋಹದ ಜಾಲರಿಯ ಕೊಳವೆ, ಅಂದರೆ ಸ್ಟೆಂಟ್, ಬಂತು. ನಾಳ ಕುಸಿಯುವುದು ನಿಂತಿತಾದರೂ ಗಾಯ ಮಾಯುವ ಭರದಲ್ಲಿ ಜಾಲರಿಯ ಒಳಗೆ ಜೀವಕೋಶಗಳು ಬೆಳೆದು, ನೂರರಲ್ಲಿ ಇಪ್ಪತ್ತು-ಮೂವತ್ತು ಮಂದಿಯಲ್ಲಿ ದಾರಿ ಪುನಃ ಕಿರಿದಾಗುತ್ತಿತ್ತು. ಇದಕ್ಕೆ ಪರಿಹಾರ ಬಂದದ್ದು ಶಾಂತಸಾಗರದ ಈಸ್ಟರ್ ದ್ವೀಪದ ಮಣ್ಣಿನಿಂದ. ಅಲ್ಲಿನ ಒಂದು ಸೂಕ್ಷ್ಮಜೀವಿಯಿಂದ ದೊರೆತ ಸಿರೋಲಿಮಸ್ ಎಂಬ ಔಷಧಕ್ಕೆ ಜೀವಕೋಶಗಳ ಬೆಳವಣಿಗೆಯನ್ನು ತಡೆಯುವ ಗುಣವಿತ್ತು. ಅದನ್ನು ಲೇಪಿಸಿದ ಸ್ಟೆಂಟನ್ನು 1999ರಲ್ಲಿ ಬ್ರೆಝಿಲ್‌ನಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಅಳವಡಿಸಲಾಯಿತು. 2003ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ನಾಳ ಪುನಃ ಕಿರಿದಾಗುವ ಪ್ರಮಾಣ ನೂರಕ್ಕೆ ಹತ್ತಕ್ಕಿಂತ ಕೆಳಗಿಳಿಯಿತು. ಮಣ್ಣಿನ ಕಣದಲ್ಲೂ ಶಿಫಾ ಇಟ್ಟ ಸೃಷ್ಟಿಕರ್ತನನ್ನು ಸ್ತುತಿಸೋಣ, ಅದನ್ನು ಹುಡುಕಿದ ಮನುಷ್ಯರ ಶ್ರಮವನ್ನೂ ಗೌರವಿಸೋಣ.

ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಬೆಳವಣಿಗೆಯನ್ನು ತಡೆಯುವ ಔಷಧ ಗಾಯ ಮಾಯುವುದನ್ನೂ ನಿಧಾನಗೊಳಿಸುತ್ತದೆ. ಅಷ್ಟರವರೆಗೆ ಬರಿದಾಗಿಯೇ ಉಳಿಯುವ ಲೋಹದ ಮೇಲೆ ರಕ್ತ ಹೆಪ್ಪುಗಟ್ಟುವ ಭಯವಿರುತ್ತದೆ. 2006ರಲ್ಲಿ ಈ ಬಗ್ಗೆ ಜಗತ್ತಿನಾದ್ಯಂತ ಆತಂಕ ಎದ್ದಿತು. ಅನಂತರ ಬಂದ ಸ್ಟೆಂಟ್‌ಗಳು ಹೆಚ್ಚು ಸುರಕ್ಷಿತವಾದವು. ಇಂದು ಸಾದಾ ಸ್ಟೆಂಟ್ ಹಾಕುವುದೇ ಅಪರೂಪ. ಹಾಗಿದ್ದರೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಮಾತ್ರೆಗಳನ್ನು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ ತಪ್ಪದೆ ನುಂಗಬೇಕು. ಕೈಯಲ್ಲಿ ಕಾಸಿಲ್ಲವೆಂದೋ, 'ಈಗ ಆರಾಮವಿದೆ' ಎಂದೋ ತಾನಾಗಿ ನಿಲ್ಲಿಸಿದವನಿಗೆ ಅಪಾಯ ತಪ್ಪಿದ್ದಲ್ಲ. ಹೊರಗೆ ನಿಂತ ಆ ಮಗನಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಿದರೇ?

ಇನ್ನು ಬೆಲೆಯ ಮಾತು. 2017ರ ಫೆಬ್ರವರಿಗೆ ಮುಂಚೆ ನಮ್ಮ ದೇಶದಲ್ಲಿ ಔಷಧಲೇಪಿತ ಸ್ಟೆಂಟ್‌ನ ಸರಾಸರಿ ಮುದ್ರಿತ ಬೆಲೆ ಸುಮಾರು 1.2 ಲಕ್ಷ ರೂಪಾಯಿ ಇತ್ತು. ಆಸ್ಪತ್ರೆಗಳ ಮಟ್ಟದಲ್ಲೇ ಲಾಭಾಂಶ ಶೇ. 654ರವರೆಗೆ ಇದ್ದುದನ್ನು ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಬಯಲಿಗೆಳೆಯಿತು. ಬಳಿಕ ಅದಕ್ಕೆ 29,600 ರೂಪಾಯಿ, ಸಾದಾ ಸ್ಟೆಂಟ್‌ಗೆ 7,260 ರೂಪಾಯಿ ಎಂಬ ಮಿತಿ ಬಂತು. ಹಾಗಾದರೆ ಅದಕ್ಕೆ ಮುಂಚಿನ ಅಷ್ಟೂ ವರ್ಷಗಳಲ್ಲಿ ಆ ವ್ಯತ್ಯಾಸವನ್ನು ತೆತ್ತವರು ಯಾರು? ಹೊಲ ಮಾರಿದವರು, ಮಗಳ ಬಂಗಾರ ಅಡವಿಟ್ಟವರು.

'ಯಾರೂ ಬಲವಂತ ಮಾಡಿಲ್ಲವಲ್ಲ' ಎಂಬ ವಾದವಿದೆ. ಇಸ್ಲಾಮೀ ಕರ್ಮಶಾಸ್ತ್ರ ಇಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದೆ. ವಸ್ತುವಿನ ಬೆಲೆ ತಿಳಿಯದ, ಚೌಕಾಸಿ ಮಾಡಲು ಬಾರದ, ಮಾರುವವನ ಮಾತನ್ನೇ ನಂಬಿ ಕೊಳ್ಳುವವನನ್ನು 'ಮುಸ್ತರ್ಸಿಲ್' ಎನ್ನುತ್ತಾರೆ. ಅಂಥವನಿಗೆ ವಿಪರೀತ ಬೆಲೆಯಲ್ಲಿ ಮೋಸವಾದರೆ ವ್ಯಾಪಾರವನ್ನು ರದ್ದು ಮಾಡುವ ಹಕ್ಕನ್ನು ಹಂಬಲೀ ವಿದ್ವಾಂಸರು ನೀಡಿದ್ದಾರೆ. ಅವನು ಬಾಯಿಬಿಟ್ಟು ಒಪ್ಪಿದ್ದರೂ ಸರಿಯೇ. ಏಕೆಂದರೆ ಅವನು ಒಪ್ಪಿದ್ದು ಬೆಲೆಯನ್ನಲ್ಲ, ಎದುರಿಗಿದ್ದವನ ಪ್ರಾಮಾಣಿಕತೆಯನ್ನು. ಮೇಜಿನ ಮೇಲೆ ಮಲಗಿದ ರೋಗಿಗಿಂತ ದೊಡ್ಡ ಮುಸ್ತರ್ಸಿಲ್ ಯಾರಿದ್ದಾನೆ? ಬಟ್ಟೆಯನ್ನಾದರೆ ಅಂಗಡಿಗೆ ಹಿಂದಿರುಗಿಸಬಹುದು. ಹೃದಯದೊಳಗೆ ಕುಳಿತ ಸ್ಟೆಂಟನ್ನು ಹಿಂದಿರುಗಿಸಲಾಗದು. ಆದುದರಿಂದ ತಿಳಿದವನ ಹೊಣೆ ಇಲ್ಲಿ ಇಮ್ಮಡಿಯಾಗುತ್ತದೆ. ಅದು ವ್ಯಾಪಾರವಲ್ಲ, ಅಮಾನತ್.

ಬೆಲೆಗೆ ಸರಕಾರ ಮಿತಿ ಹಾಕಿತು. ಅಗತ್ಯಕ್ಕೆ ಮಿತಿ ಹಾಕುವವರು ಯಾರು? ಹೃದಯಾಘಾತದ ಹೊತ್ತಿನಲ್ಲಿ ತಡಮಾಡದೆ ನಾಳ ತೆರೆದು ಹಾಕುವ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ನಡೆದಾಗ ಮಾತ್ರ ಎದೆ ಹಿಡಿಯುವ, ಉಳಿದಂತೆ ಸ್ಥಿರವಾಗಿರುವ ರೋಗಿಗಳ ಮಾತು ಬೇರೆ. 2007ರ 'ಕರೇಜ್' ಅಧ್ಯಯನ 2,287 ಮಂದಿಯನ್ನೂ, 2020ರಲ್ಲಿ ಪ್ರಕಟವಾದ 'ಇಸ್ಕೀಮಿಯಾ' ಅಧ್ಯಯನ 5,179 ಮಂದಿಯನ್ನೂ ಪರೀಕ್ಷಿಸಿದವು. ಇಂಥವರಲ್ಲಿ ಉತ್ತಮ ಔಷಧೋಪಚಾರದ ಜೊತೆ ಸ್ಟೆಂಟ್ ಅಥವಾ ಬೈಪಾಸ್ ಸೇರಿಸಿದ್ದರಿಂದ ಸಾವು ಕಡಿಮೆಯಾದದ್ದು ಕಂಡುಬರಲಿಲ್ಲ. ನೋವು ಕಡಿಮೆಯಾಗುವ ಲಾಭವಿದೆ, ಕೆಲವರಿಗೆ ಅದೇ ದೊಡ್ಡದು. ಆದರೆ 'ಈಗಲೇ ಹಾಕದಿದ್ದರೆ ಜೀವಕ್ಕೇ ಅಪಾಯ' ಎಂದು ಇವರನ್ನೂ ಹೆದರಿಸುವುದು ಯಾವ ನ್ಯಾಯ? ಭಯದಿಂದ ಹಿಂಡಿದ ಸಹಿ ಒಪ್ಪಿಗೆಯಾಗದು.

ಎಲ್ಲ ವೈದ್ಯರನ್ನೂ ದೂಷಿಸುವುದು ನಮ್ಮ ಉದ್ದೇಶವಲ್ಲ. 1990ರ ದಶಕದಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಹೃದ್ರೋಗ ತಜ್ಞ ಸೋಮರಾಜು ಅವರ ಜೊತೆಗೂಡಿ ಕಡಿಮೆ ಬೆಲೆಯ ಸ್ಟೆಂಟ್ ರೂಪಿಸಿದ್ದನ್ನು ಮರೆಯಲಾಗದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಬಡವರು ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಪಡೆಯುತ್ತಿರುವುದೂ ನಮ್ಮ ಕಣ್ಣ ಮುಂದಿದೆ. ತಿಳಿವಳಿಕೆಯೂ ಕರುಣೆಯೂ ಒಂದೇ ಎದೆಯಲ್ಲಿರಬಹುದು ಎಂಬುದಕ್ಕೆ ಇವೇ ಸಾಕ್ಷಿ.

ನಮ್ಮ ಹೊಣೆಯೂ ಇದೆ. ಹೃದ್ರೋಗಿಗಳಿಗೆಂದು ಮಸೀದಿಗಳಲ್ಲಿ ಚಂದಾ ಎತ್ತುತ್ತೇವೆ, ಝಕಾತ್ ಕೊಡುತ್ತೇವೆ. ಹಣದ ಜೊತೆಗೆ, ಪ್ರಶ್ನೆ ಕೇಳಬಲ್ಲ ಒಬ್ಬರನ್ನೂ ಜಮಾಅತ್ ಕಳಿಸಬಾರದೇ? ಇದು ತುರ್ತೇ, ಎರಡು ದಿನ ಯೋಚಿಸಬಹುದೇ? ಮಾತ್ರೆಯಲ್ಲೇ ನಡೆಯುವುದೇ? ಮಾತ್ರೆಗಳನ್ನು ಎಷ್ಟು ತಿಂಗಳು ನುಂಗಬೇಕು, ಖರ್ಚೆಷ್ಟು? ಬಿಲ್ಲಿನಲ್ಲಿ ಸ್ಟೆಂಟ್‌ನ ಹೆಸರು, ಬೆಲೆ ಪ್ರತ್ಯೇಕವಾಗಿ ನಮೂದಾಗಿದೆಯೇ? ಈ ನಾಲ್ಕು ಪ್ರಶ್ನೆ ಸಾಕು. ಪ್ರಾಮಾಣಿಕ ವೈದ್ಯನಿಗೆ ಇವು ಅವಮಾನವಲ್ಲ. ಹೊರಗೆ ನಿಂತ ಆ ಮಗ ಉತ್ತರ ಕೇಳಿ, ಅರ್ಥ ಮಾಡಿಕೊಂಡು ಸಹಿ ಹಾಕಿದರೆ ಆಗ ಅದನ್ನು ನಾವು ಒಪ್ಪಿಗೆ ಎನ್ನಬಹುದು.