ಹೊಸ್ತಿಲಾಚೆಯ ಕೂಲಿ

ಮನೆಯಲ್ಲೇ ಕೂತು ಅಮೆರಿಕದ ಕೆಲಸ ಮಾಡಬಹುದು, ಜಾತಿ ಕೇಳುವವರಿಲ್ಲ, ಮುಖ ನೋಡುವವರಿಲ್ಲ, ತಲೆಯಲ್ಲಿ ಬುದ್ಧಿ ಇದ್ದರೆ ಸಾಕು ಎಂದು ನಮಗೆ ಹೇಳಿದರು. ನಾವು ನಂಬಿದೆವು. ನಂಬಿದ್ದು ಪೂರ್ತಿ ಸುಳ್ಳೂ ಆಗಲಿಲ್ಲ. ಆದರೆ ಮನೆಯಿಂದ ಕೆಲಸ ಮಾಡಬೇಕಾದರೆ ಮೊದಲು ಮನೆ ಬೇಕು ಅನ್ನೋ ಸಣ್ಣ ಸತ್ಯವನ್ನು ಯಾರೂ ಹೇಳಿರಲಿಲ್ಲ.

ನಾವು ಮೂವರು. ಮಾಗಡಿ, ಕುಣಿಗಲ್, ನಾಗಮಂಗಲ ಸೀಮೆಯ ಕೇರಿಗಳಿಂದ ಬಂದವರು. ನಮ್ಮ ಮನೆಗಳಲ್ಲಿ ಡಿಗ್ರಿ ಕಂಡವರು ನಾವೇ ಮೊದಲು. ಬೆಂಗಳೂರಿನ ಬಸವೇಶ್ವರನಗರದಲ್ಲಿ, ಹಾವನೂರು ಸರ್ಕಲ್ಲಿಗೆ ನಡೆದು ಹೋಗುವಷ್ಟು ದೂರದಲ್ಲಿ, ತಾರಸಿಯ ಮೇಲೆ ಶೀಟು ಹೊದಿಸಿದ ಒಂದು ಕೋಣೆ ಹಿಡಿದಿದ್ದೆವು. ಕೆಲಸದ ಹೆಸರು ವರ್ಚುವಲ್ ಅಸಿಸ್ಟೆಂಟ್. ಎಲ್ಲೋ ಇರುವ ಯಜಮಾನನ ಮೇಲ್‌ಗಳನ್ನು ಓದಿ ವಿಂಗಡಿಸುವುದು, ಉತ್ತರ ಬರೆಯುವುದು, ಅವನು ಯಾರನ್ನು ಎಷ್ಟು ಹೊತ್ತಿಗೆ ಕಾಣಬೇಕು ಅಂತ ಗೊತ್ತು ಮಾಡುವುದು, ಲೆಕ್ಕದ ಹಾಳೆ ತುಂಬುವುದು. ನ್ಯೂಯಾರ್ಕಿನಲ್ಲಿ ಬೆಳಗಿನ 9 ಗಂಟೆ ಅಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ಊರೆಲ್ಲ ಮಲಗಿದ ಮೇಲೆ ನಮ್ಮ ಹಗಲು. ನಮ್ಮಲ್ಲೊಬ್ಬ ಗೆಳೆಯನ ಯಜಮಾನ ಮನೆ ಮಾರುವ ದಲ್ಲಾಳಿ. ಅಲ್ಲಿಯ ಜನಕ್ಕೆ ಮನೆ ತೋರಿಸುವ ಹೊತ್ತು ಹೊಂದಿಸುವುದು ಇಲ್ಲಿ ಕೂತ ಇವನ ದುಡಿಮೆ.

ಯಜಮಾನನ ನಾಲಿಗೆಗೆ ನಮ್ಮ ಹೆಸರು ಹೊರಳಲಿಲ್ಲ. ‘ಸ್ಯಾಮ್ ಅಂತ ಕರೀಲಾ?’ ಎಂದ. ಆಗಲಿ ಎಂದೆವು. ಊರಲ್ಲಿ ನಮ್ಮ ಅಪ್ಪಂದಿರ ಹೆಸರನ್ನು ಅರ್ಧಕ್ಕೆ ಕತ್ತರಿಸಿ, ‘ಲೋ’ ಸೇರಿಸಿ ಕೂಗುತ್ತಿದ್ದುದನ್ನು ಕೇಳಿ ಬೆಳೆದವರು ನಾವು. ಸ್ಯಾಮ್ ಅನ್ನೋ ಹೆಸರಲ್ಲಿ ಅಂಥ ಉಗುಳು ಇರಲಿಲ್ಲ. ಗಂಟೆಗೆ ಇಷ್ಟು ಅಂತ ಮಾತಾಗಿ, ಮಾತಿನ ಹಾಗೆ ಹಣ ಬಂದಾಗ ಮೈ ಹಗುರಾಯಿತು. ಇದನ್ನು ಮುಚ್ಚಿಡಬಾರದು. ಸಿಕ್ಕಿದ ನೆಮ್ಮದಿಯನ್ನು ಸಿಕ್ಕಿಲ್ಲ ಅಂತ ಬರೆದರೆ ಅದು ಬಂಡಾಯವಾಗುವುದಿಲ್ಲ.

ಒಂದು ದಿನ ಗೆಳೆಯನ ಅವ್ವ ಊರಿಂದ ಬಂದರು. ರಾತ್ರಿಯೆಲ್ಲ ಮಗ ಪರದೆಯ ಮುಂದೆ ಕೂತಿದ್ದನ್ನು ನೋಡಿ ಕೇಳಿದರು:

‘ಯಾರ ಮನೆ ಕೆಲ್ಸಾನಪ್ಪ ಇದು?’

‘ಅಮೆರಿಕದೋರದು ಕಣವ್ವ.’

‘ಅವರ ಮನೆ ಒಳಕ್ಕೆ ಬಿಟ್ಕೋತಾರಾ?’

‘ಒಳಕ್ಕೆ ಹೋಗೋದೇ ಬ್ಯಾಡ ಕಣವ್ವ. ಇಲ್ಲಿಂದಲೇ ಅವರ ಯವಾರ ಎಲ್ಲ ನೋಡ್ಕೊಳ್ಳೋದು.’

‘ಅಂಗಾದ್ರೆ ನಮ್ಮಂಗೇ ಬಿಡು. ನಾವೂವೆ ಅವರ ಕಣ, ಕೊಟ್ಟಿಗೆ, ಗದ್ದೆ ಎಲ್ಲ ನೋಡ್ಕೊಂಡೋ. ಹೊಸ್ಲು ಮಾತ್ರ ದಾಟ್ಲಿಲ್ಲ.’

ನಾವು ನಕ್ಕೆವು. ಆಮೇಲೆ ನಗು ನಿಂತಿತು. ಅವ್ವ ಹೇಳಿದ್ದು ನಿಜವೇ? ಅರ್ಧ ನಿಜ. ಜೀತದಾಳಿಗೆ ಬಿಟ್ಟು ಹೋಗುವ ದಾರಿ ಇರಲಿಲ್ಲ. ಜೀತವನ್ನು ರದ್ದು ಮಾಡುವ ಕಾಯ್ದೆ ಬಂದದ್ದೇ 1976ರಲ್ಲಿ. ನಾವು ಬೇಡವೆಂದರೆ ನಾಳೆಯೇ ಬಿಡಬಹುದು. ಆದರೆ ಉಳಿದರ್ಧವೂ ನಿಜ. ಹತ್ತತ್ತು ನಿಮಿಷಕ್ಕೆ ನಮ್ಮ ಪರದೆಯ ಚಿತ್ರ ತೆಗೆದು ಯಜಮಾನನಿಗೆ ಕಳಿಸುವ ಗಡಿಯಾರ ಕಂಪ್ಯೂಟರಿನೊಳಗೆ ಕೂತಿತ್ತು. ಅವನು ನಮ್ಮ ಕೋಣೆಯೊಳಕ್ಕೆ ಯಾವಾಗ ಬೇಕಾದರೂ ಇಣುಕಬಹುದು. ನಾವು ಮಾತ್ರ ಅವನ ಹೊಸ್ತಿಲ ಆಚೆ.

ಮಾರನೇ ಬೆಳಗ್ಗೆ ಅವ್ವ ಕೆಳಗಿನ ನಲ್ಲಿಯ ಹತ್ತಿರ ನಿಂತಿದ್ದರು. ಮನೆ ಮಾಲೀಕರು ಮರ್ಯಾದೆಯಿಂದಲೇ ಮಾತಾಡಿಸಿದರು. ಯಾವ ಊರು, ಎಷ್ಟು ಜಮೀನು, ಊರಲ್ಲಿ ಮನೆ ಯಾವ ಕಡೆ. ಕೋಣೆ ಹಿಡಿಯುವಾಗ ಇದೇ ಪ್ರಶ್ನೆಗೆ ನಾವು ‘ನಮ್ಮದು ಒಕ್ಕಲುತನ ಸಾರ್’ ಅಂತ ಜಾರಿಕೊಂಡಿದ್ದೆವು. ಅವ್ವನಿಗೆ ಜಾರುವುದು ಬರುವುದಿಲ್ಲ. ‘ಊರಾಚೆ ಕಣಪ್ಪ, ಕೇರೀಲಿ’ ಅಂದರು. ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೆಯ ದಿನ ಮಾಲೀಕರು ಬಂದು, ಮಗಳು ಬರುತ್ತಾಳೆ, ಕೋಣೆ ಬೇಕು, ಅಡ್ವಾನ್ಸ್ ತಗೊಂಡು ಈ ವಾರವೇ ಖಾಲಿ ಮಾಡಿ ಎಂದರು. ಜಾತಿಯ ಮಾತು ಎತ್ತಲೇ ಇಲ್ಲ. ಇಂದಿನ ಅಸ್ಪೃಶ್ಯತೆಗೆ ಬಾಯಿ ಇಲ್ಲ, ನಯವಾದ ನೆಪಗಳಿವೆ.

ಸಾಮಾನು ಹೊತ್ತು ಕಾಮಾಕ್ಷಿಪಾಳ್ಯದ ಪರಿಚಯದವರ ಮನೆ ಸೇರಿದೆವು. ಅಲ್ಲಿ ಒಂದೇ ಕೋಣೆಯಲ್ಲಿ ಆರು ಜನ. ಬಾಗಿಲಿಲ್ಲ, ಮೇಜಿಲ್ಲ, ಇಂಟರ್ನೆಟ್ ಲೈನ್ ಬರಲು ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ದಲ್ಲಾಳಿ ಯಜಮಾನ ಒಂದು ಸಾಲು ಬರೆದು ಬೇರೊಬ್ಬರನ್ನು ನೋಡಿಕೊಂಡ.

ಗೆಳೆಯರೇ, ಇಲ್ಲಿ ನಿಂತು ಯೋಚಿಸಿ. ಆ ಯಜಮಾನನಿಗೆ ನಮ್ಮ ಜಾತಿ ಗೊತ್ತಿರಲಿಲ್ಲ. ಅವನಿಗೆ ದ್ವೇಷವೂ ಇರಲಿಲ್ಲ. ಅವನು ಕೇಳಿದ್ದು ಬಾಗಿಲು ಮುಚ್ಚಿದ ಕೋಣೆ, ತಪ್ಪದ ಕರೆಂಟು, ಹೇಳಿದ ಹೊತ್ತಿಗೆ ಹಾಜರಿ. ಇವನ್ನು ಅವನು ಅರ್ಹತೆ ಎನ್ನುತ್ತಾನೆ. ಈ ಅರ್ಹತೆ ಯಾರಿಗೆ ಸಿಗಬೇಕು ಅಂತ ತೀರ್ಮಾನಿಸುವವನು ಮಾತ್ರ ಇಲ್ಲಿನ ಮನೆ ಮಾಲೀಕ. ಹೀಗೆ ಜಾತಿಯ ಹೆಸರೇ ಕೇಳದವನ ಕೈಯಿಂದಲೂ ಜಾತಿ ತನ್ನ ಕೆಲಸ ಮಾಡಿಸಿಕೊಂಡಿತು.

ಇದು ಹೊಸತಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಲಂಡನ್ನಿನಲ್ಲಿ ಓದಿದ ಅಂಬೇಡ್ಕರ್ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದರು. ಕಚೇರಿಯ ಜವಾನರೂ ಕಡತಗಳನ್ನು ದೂರದಿಂದಲೇ ಅವರ ಮೇಜಿಗೆ ಎಸೆಯುತ್ತಿದ್ದರು ಎಂದು ಅವರ ಜೀವನ ಚರಿತ್ರೆ ಹೇಳುತ್ತದೆ. ನೌಕರಿ ಇತ್ತು, ಮನೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಾಗಿಲಿಗೆ ಬಂದರು. ಕೊನೆಗೆ ಅವರು ಬರೋಡಾ ಬಿಟ್ಟು ಮುಂಬಯಿಗೆ ಮರಳಿದರು. ಸಂಸ್ಥಾನದ ದೊಡ್ಡ ನೌಕರಿಯೂ ಒಂದು ಕೋಣೆ ಇಲ್ಲದೆ ನಿಲ್ಲಲಿಲ್ಲ. ನೂರು ವರ್ಷ ಕಳೆದರೂ ನಮ್ಮ ಲೆಕ್ಕ ಹನ್ನೊಂದನೆಯ ದಿನಕ್ಕೇ ಬಂದು ನಿಂತಿತಲ್ಲ ಎಂದು ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

ಹಾಗಾದರೆ ಹೊಟ್ಟೆಪಾಡಿಗೆ ಹೆಸರು ಮರೆಮಾಚುವುದು ತಪ್ಪೇ? ಇದು ನಮ್ಮನ್ನು ಕಾಡಿದ ಪ್ರಶ್ನೆ. ಮರೆಮಾಚಿದವನ ಮೇಲೆ ನಾವು ಕಲ್ಲೆಸೆಯುವುದಿಲ್ಲ. ಹಸಿದವನಿಗೆ ಧೈರ್ಯದ ಪಾಠ ಹೇಳುವುದು ಹೊಟ್ಟೆ ತುಂಬಿದವರ ಚಟ. ನಾಚಿಕೆ ಕೇಳಿದವನದು, ಉತ್ತರ ನುಂಗಿಕೊಂಡವನದಲ್ಲ. ಆದರೂ ಮರೆಯಲ್ಲಿ ಸಿಕ್ಕ ಗೆಲುವಿಗೆ ಎರಡು ಕೊರತೆಗಳಿವೆ. ಒಂದು, ಅವ್ವ ಬಂದು ನಿಜ ನುಡಿದ ದಿನ ಅದು ಕುಸಿಯುತ್ತದೆ; ಹೆತ್ತವಳನ್ನೇ ದೂರ ಇಡು ಅನ್ನುತ್ತದೆ. ಇನ್ನೊಂದು, ನಮ್ಮ ಹಿಂದೆ ಬರುವ ಹುಡುಗ ಹುಡುಗಿಯರಿಗೆ ಅದು ಬಾಗಿಲು ತೆರೆಯುವುದಿಲ್ಲ. ಅವರೂ ಅದೇ ಸುಳ್ಳನ್ನು ಮೊದಲಿಂದ ಕಲಿಯಬೇಕು.

ಈ ಬಡಾವಣೆಯ ಹೆಸರು ಬಸವಣ್ಣನದು. ದುಡಿಮೆಯಲ್ಲಿ ಮೇಲು ಕೀಳಿಲ್ಲ ಅಂತ 12ನೇ ಶತಮಾನದಲ್ಲೇ ಕಲ್ಯಾಣದ ಶರಣರು ಹೇಳಿದ್ದರು. ಸರ್ಕಲ್ಲಿನ ಹೆಸರು ಹಾವನೂರರದು. 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಟ್ಟ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರು ಅವರು. ಈ ಎರಡು ಹೆಸರುಗಳ ನಡುವೆ ನಮಗೊಂದು ಕೋಣೆ ಉಳಿಯಲಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಮನೆಯಲ್ಲೇ ಇರಿ ಎಂದರು. ಅದೇ ವರ್ಷ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಕಾಲ್ ಸೆಂಟರಿನಂಥ ಕಂಪನಿಗಳ ನಿಯಮ ಸಡಿಲಿಸಿ ಮನೆಗೆಲಸದ ದಾರಿ ಸಲೀಸು ಮಾಡಿತು. ಆಗಲೂ ನಮ್ಮ ಪೌರಕಾರ್ಮಿಕ ಅಕ್ಕಂದಿರು ಬೆಳಕು ಹರಿಯುವ ಹೊತ್ತಿಗೆ ಪೊರಕೆ ಹಿಡಿದು ಬೀದಿಯಲ್ಲಿದ್ದರು. ಬೀದಿಯನ್ನು ಮನೆಯಿಂದ ಗುಡಿಸಲಾಗುವುದಿಲ್ಲ. ನಾವು ಕಂಪ್ಯೂಟರ್ ಮುಚ್ಚುವ ಹೊತ್ತಿಗೆ ಅವರ ಪೊರಕೆಯ ಸದ್ದು ಶುರುವಾಗುತ್ತದೆ. ಆ ಸದ್ದು ಕೇಳಿಯೂ ‘ನಾವು ಗೆದ್ದೆವು’ ಎಂದು ಮಲಗಿದರೆ ನಮ್ಮ ಓದು ದಂಡ.

ಮನೆಯ ದುಡಿಮೆಯನ್ನು ಕಾನೂನು ನೋಡಲಾರದು ಅನ್ನುವುದೂ ಸುಳ್ಳು. ಮನೆಯಲ್ಲಿ ಬೀಡಿ ಕಟ್ಟುವವರನ್ನು 1966ರ ಬೀಡಿ ಕಾರ್ಮಿಕರ ಕಾಯ್ದೆ ಕಾರ್ಮಿಕರೆಂದೇ ಗುರುತಿಸಿತ್ತು. ಮನೆಗೆಲಸಗಾರರ ಹಕ್ಕಿನ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ 177ನೇ ಒಡಂಬಡಿಕೆ ಮಾಡಿತು. ಭಾರತ ಅದನ್ನು ಅಂಗೀಕರಿಸಿಲ್ಲ. ಕರ್ನಾಟಕ 2025ರಲ್ಲಿ ಆ್ಯಪ್ ಕಂಪನಿಗಳ ಮೂಲಕ ದುಡಿಯುವವರಿಗಾಗಿ ಗಿಗ್ ಕಾರ್ಮಿಕರ ಕಾನೂನು ತಂದಿದೆ. ದಾರಿ ಇದೆ, ಕೇಳುವ ಗಂಟಲು ಬೇಕು.

ಈಗ ಗೆಳೆಯನಿಗೆ ಬೇರೆ ಕೆಲಸ ಸಿಕ್ಕಿದೆ. ಮೊದಲ ದಿನವೇ ತನ್ನ ಪೂರ್ತಿ ಹೆಸರು ಬರೆದು, ಹೀಗೆ ಕರೆಯಿರಿ ಎಂದ. ಅವರು ಎರಡು ಸಲ ತಡವರಿಸಿ ಕಲಿತರು. ದುಡಿಯುವ ಗಂಟೆ, ಕೂಲಿ, ರಜೆ ಎಲ್ಲವನ್ನೂ ಬರಹದಲ್ಲಿ ಪಡೆದಿದ್ದಾನೆ. ಮನೆಯನ್ನೂ ಹೆಸರು, ಕೇರಿ ಹೇಳಿಯೇ ಹುಡುಕಿದೆವು. ಏಳು ಕಡೆ ಇಲ್ಲ ಅಂದರು, ಎಂಟನೆಯ ಕಡೆ ಕೊಟ್ಟರು. ಅವ್ವ ಬಂದು ಹದಿನೈದು ದಿನ ಇದ್ದು ಹೋದರು.

ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮದೊಂದು ಮಾತು. ಅರಿವು ಕೇಂದ್ರ ಅಂತ ಕರೆಯುವ ಪಂಚಾಯಿತಿ ಗ್ರಂಥಾಲಯ ನಿಮ್ಮೂರಲ್ಲಿದ್ದರೆ, ಅದರ ಬಾಗಿಲು ಸಂಜೆಯ ಮೇಲೂ ತೆರೆದಿರುವಂತೆ ಪಟ್ಟು ಹಿಡಿಯಿರಿ. ಒಂದು ಮೇಜು, ಒಂದು ದೀಪ, ಒಂದು ಲೈನು. ಮೊದಲ ಕುರ್ಚಿಯಲ್ಲಿ ಕೇರಿಯ ಹುಡುಗಿ ಕೂರಲಿ. ಅವಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಪೂರ್ತಿಯಾಗಿ ಬರೆಯಿರಿ.